ಒಂದೇ ಕಸುಬಿನ ಎಂ.ಬಿ.ಎ. ನಮ್ಮ ನಾಲ್ಕು ತಾಲ್ಲೂಕುಗಳಿಗೆ ಏನು ಕೊಡಬಲ್ಲದು?

ಪಿಜಿಸಿಇಟಿ ಫಲಿತಾಂಶ ಬಂದ ಮೇಲೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಪದವೀಧರರಲ್ಲಿ ಬಹಳಷ್ಟು ಮಂದಿ ಎಂ.ಬಿ.ಎ. ಸೀಟಿಗಾಗಿ ಬಳ್ಳಾರಿ, ಹುಬ್ಬಳ್ಳಿ, ಬೆಂಗಳೂರಿನ ಹಾದಿ ಹಿಡಿಯುತ್ತಾರೆ. ಅಲ್ಲಿ ಸಿಗುವ ವಿಶೇಷ ವಿಷಯಗಳು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ: ಫೈನಾನ್ಸ್, ಮಾರ್ಕೆಟಿಂಗ್, ಎಚ್.ಆರ್. ಬ್ಯಾಂಕಿಗೂ ಆಯಿತು, ವಿಮಾ ಕಂಪನಿಗೂ ಆಯಿತು, ಸಾಬೂನು ಮಾರುವವರಿಗೂ ಆಯಿತು ಎನ್ನುವಂಥ ಓದು. ಇದರ ಎದುರು ತುದಿಯಲ್ಲಿ ಇನ್ನೊಂದು ಬಗೆಯ ಓದಿದೆ. ಒಂದೇ ಕಸುಬನ್ನು ಹಿಡಿದು ಅದರ ನೆಲ, ನೀರು, ಗಿರಾಕಿ, ಆಳು, ಲೆಕ್ಕ ಎಲ್ಲವನ್ನೂ ಕಲಿಸುವ ಓದು. ಅಮೆರಿಕದಲ್ಲಿ ಗಾಲ್ಫ್ ಮೈದಾನದ ನಿರ್ವಹಣೆಯನ್ನೇ ವಿಶೇಷ ವಿಷಯವಾಗಿ ಇಟ್ಟುಕೊಂಡ ವ್ಯವಹಾರ ಶಿಕ್ಷಣ ಅದರ ಕಟ್ಟಕಡೆಯ ಉದಾಹರಣೆ.

ಈ ನಾಲ್ಕು ತಾಲ್ಲೂಕುಗಳಲ್ಲಿ ಗಾಲ್ಫ್ ಮೈದಾನವಿಲ್ಲ. ಬರಬೇಕೆಂಬ ಆಸೆಯೂ ನನಗಿಲ್ಲ, ಅದರ ಕಾರಣ ಮುಂದೆ ಬರುತ್ತದೆ. ಆದರೂ ಈ ಓದನ್ನು ನಾವು ಗಂಭೀರವಾಗಿ ನೋಡಬೇಕು. ಒಂದು ಕಸುಬಿನ ಸುತ್ತ ಪದವಿ ಕಟ್ಟುವುದು ಹೇಗೆ, ಅದು ಯಾವಾಗ ನಿಲ್ಲುತ್ತದೆ, ಯಾವಾಗ ಬೀಳುತ್ತದೆ ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕೊಪ್ಪಳ ಜಿಲ್ಲೆಯಲ್ಲಿ ಎಂ.ಬಿ.ಎ. ಎಂದರೆ ಏನಾಗಬೇಕು ಎಂಬ ಪ್ರಶ್ನೆಗೂ ಅಲ್ಲಿಂದ ದಾರಿಯಿದೆ.

ಗಾಲ್ಫ್ ಆಟದಲ್ಲಿ ನಿರ್ವಹಿಸುವುದಕ್ಕೆ ಏನಿದೆ ಎಂದು ಕೇಳುವವರಿಗೆ ಮೊದಲು ಉತ್ತರ ಹೇಳಬೇಕು. 18 ಕುಳಿಗಳ ಮೈದಾನಕ್ಕೆ ನೂರು ಎಕರೆಗೂ ಮೀರಿ ಜಮೀನು ಬೇಕು. ಅಷ್ಟೂ ಜಮೀನಿನ ಮೇಲೆ ಹುಲ್ಲು ವರ್ಷವಿಡೀ ಜೀವಂತವಾಗಿರಬೇಕು. ಚೆಂಡು ಕುಳಿಗೆ ಉರುಳುವ ಜಾಗದಲ್ಲಿ ಆ ಹುಲ್ಲನ್ನು ಮೂರು ನಾಲ್ಕು ಮಿಲಿಮೀಟರಿಗೆ ಕತ್ತರಿಸಿ, ಸಾಯದಂತೆ ಕಾಪಾಡಬೇಕು. ಆಟ ಶುರುಮಾಡುವ ವೇಳೆಯನ್ನು ಹತ್ತು ನಿಮಿಷ, ಹನ್ನೆರಡು ನಿಮಿಷದ ಅಂತರದಲ್ಲಿ ಒಂದೊಂದು ತಂಡಕ್ಕೆ ಹಂಚಿ ಮಾರುತ್ತಾರೆ. ಬೆಳಿಗ್ಗೆ ಏಳೂ ಹತ್ತರ ಜಾಗ ಖಾಲಿ ಹೋದರೆ ಅದನ್ನು ಮಧ್ಯಾಹ್ನ ಮಾರಲಾಗದು. ಅದಕ್ಕೇ ಭಾನುವಾರಕ್ಕೆ ಒಂದು ದರ, ಬುಧವಾರದ ಉರಿಬಿಸಿಲಿಗೆ ಇನ್ನೊಂದು ದರ. ಇದರ ಜೊತೆಗೆ ಸದಸ್ಯತ್ವ, ಅಡುಗೆಮನೆ, ಸಾಮಾನಿನ ಅಂಗಡಿ, ಪಂದ್ಯಾವಳಿ, ಚೀಲ ಹೊರುವ ಕ್ಯಾಡಿಗಳ ಕೂಲಿ. ಹೊಲ, ಹೋಟೆಲು, ಸಂಘ ಮೂರನ್ನೂ ಒಬ್ಬನೇ ನಡೆಸಿದ ಹಾಗೆ.

ಇಂಥ ಮನುಷ್ಯನನ್ನು ತಯಾರು ಮಾಡುವ ಮೊದಲ ವಿಶ್ವವಿದ್ಯಾಲಯ ಕೋರ್ಸು ಶುರುವಾದದ್ದು 1975ರಲ್ಲಿ, ಮಿಷಿಗನ್ ರಾಜ್ಯದ ಫೆರಿಸ್ ಸ್ಟೇಟ್‌ನಲ್ಲಿ. 1916ರಲ್ಲಿ ಹುಟ್ಟಿದ ಅಮೆರಿಕದ ವೃತ್ತಿಪರ ಗಾಲ್ಫರುಗಳ ಸಂಘ ಅದರ ಬೆನ್ನಿಗೆ ನಿಂತಿತು. ಆಮೇಲೆ ಮಿಸಿಸಿಪ್ಪಿ ಸ್ಟೇಟ್, ಕ್ಲೆಮ್ಸನ್‌ನಂಥ ವಿಶ್ವವಿದ್ಯಾಲಯಗಳು ಅದೇ ದಾರಿ ಹಿಡಿದವು. ಈ ಪದವಿಯಲ್ಲಿ ನನ್ನ ಗಮನ ಸೆಳೆದದ್ದು ಪಾಠಪಟ್ಟಿಗಿಂತ ಹೆಚ್ಚಾಗಿ ಅದರ ಇಂಟರ್ನ್‌ಶಿಪ್. ವಿದ್ಯಾರ್ಥಿ ಒಟ್ಟು 16 ತಿಂಗಳು ಮೈದಾನಗಳಲ್ಲಿ ಸಂಬಳಕ್ಕೆ ದುಡಿಯಲೇಬೇಕು. ಅಷ್ಟೇ ಸಾಲದು, ಆಟ ಬರುತ್ತದೆಂದು ಪರೀಕ್ಷೆಯಲ್ಲಿ ತೋರಿಸಬೇಕು. ವೃತ್ತಿಯ ಸಂಘವೇ ಮಾನದಂಡ ಇಡುತ್ತದೆ, ಮೈದಾನಗಳೇ ಕಲಿಸುತ್ತವೆ, ಅವೇ ಕೆಲಸ ಕೊಡುತ್ತವೆ. ವಿಶ್ವವಿದ್ಯಾಲಯ ಇವೆಲ್ಲವನ್ನೂ ಒಟ್ಟು ಹಿಡಿದಿರುತ್ತದೆ.

ಇದರ ಅಪಾಯವೂ ಅಲ್ಲೇ ಕಂಡಿದೆ. 2006ರಿಂದ ಮುಂದಿನ ಹಲವು ವರ್ಷ ಅಮೆರಿಕದಲ್ಲಿ ಹೊಸದಾಗಿ ತೆರೆದ ಮೈದಾನಗಳಿಗಿಂತ ಮುಚ್ಚಿದವೇ ಹೆಚ್ಚು. ಮನೆ ಮಾರಾಟದ ಆಸೆಗೆ ಬೇಕಾಬಿಟ್ಟಿ ಕಟ್ಟಿದ ಮೈದಾನಗಳು 2008ರ ಆರ್ಥಿಕ ಕುಸಿತದಲ್ಲಿ ಉಸಿರು ಬಿಟ್ಟವು. ಕಸುಬು ಬಿದ್ದರೆ ಅದಕ್ಕೇ ಕಟ್ಟಿಹಾಕಿಕೊಂಡ ಪದವಿಯೂ ಬಡವಾಗುತ್ತದೆ. ಒಂದೇ ಬೆಳೆ ಹಾಕಿ ಕೂತವರ ಕಷ್ಟ ನಮ್ಮ ಕಡೆಯ ಜನಕ್ಕೆ ಬಿಡಿಸಿ ಹೇಳಬೇಕಿಲ್ಲ.

ಕರ್ನಾಟಕಕ್ಕೆ ಗಾಲ್ಫ್ ಹೊಸದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಕೋಲಾರದ ಚಿನ್ನದ ಗಣಿಯಲ್ಲಿ ಬ್ರಿಟಿಷರು ಮಾಡಿದ ಮೈದಾನದಲ್ಲಿ ನೀರಿಲ್ಲದ ಕಾರಣ ಹಸಿರಿನ ಬದಲು ಎಣ್ಣೆ ಬೆರೆಸಿ ಹದಮಾಡಿದ ಮರಳಿನ ಮೇಲೆ ಚೆಂಡು ಉರುಳಿಸುತ್ತಿದ್ದರು. ಮಡಿಕೇರಿ, ಬಿಟ್ಟಂಗಾಲ, ಚಿಕ್ಕಮಗಳೂರಲ್ಲಿ ಕಾಫಿ ನಾಡಿನ ಮೈದಾನಗಳಿವೆ, ಮೈಸೂರಲ್ಲಿ ಕುದುರೆ ಓಟದ ಮೈದಾನದ ಜೊತೆಗೇ ಒಂದಿದೆ. ಬೆಂಗಳೂರಿನ ಚಲ್ಲಘಟ್ಟ ಕೆರೆಯಂಗಳದಲ್ಲಿ ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನವಿದೆ. ಐದು ವರ್ಷದ ಮಗುವಾಗಿದ್ದಾಗ ಆಟಕ್ಕೆ ಕೈಹಚ್ಚಿದ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನದವರೆಗೆ ಹೋದರು. ಬಿಡದಿ ಕಡೆಯ ಹಳ್ಳಿಯಿಂದ ಬಂದ ಎಸ್. ಚಿಕ್ಕರಂಗಪ್ಪ ಊರ ಪಕ್ಕದ ಈಗಲ್‌ಟನ್ ಮೈದಾನದಲ್ಲಿ ಆಟ ಕಲಿತು ವೃತ್ತಿಪರ ಆಟಗಾರರಾದರು. ಸಿರಿವಂತರ ಆಟವೆಂದು ನಾವು ದೂರ ಇಡುವ ಬೇಲಿಯೊಳಗೆ ಹಳ್ಳಿಯ ಮಕ್ಕಳೂ ಬೆಳೆದಿದ್ದಾರೆ ಎಂಬುದನ್ನು ಮರೆಯಬಾರದು.

ಆದರೆ ಈ ಮೈದಾನಗಳನ್ನು ನಡೆಸುವವರು ಎಲ್ಲಿಂದ ಬರುತ್ತಾರೆ? ಸೇನೆಯಿಂದ ನಿವೃತ್ತರಾದ ಅಧಿಕಾರಿಗಳು, ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವರು, ಕೃಷಿ ಪದವೀಧರರು, ಹುಲ್ಲಿನ ಕೆಲಸದಲ್ಲೇ ಕೈ ಪಳಗಿ ಮೇಲೆ ಬಂದ ಮೇಸ್ತ್ರಿಗಳು. 1955ರಲ್ಲಿ ಹುಟ್ಟಿದ ಭಾರತೀಯ ಗಾಲ್ಫ್ ಒಕ್ಕೂಟದ ನೆರಳಿನಲ್ಲಿ ನ್ಯಾಷನಲ್ ಗಾಲ್ಫ್ ಅಕಾಡೆಮಿ ತರಬೇತುದಾರರಿಗೆ ಪ್ರಮಾಣಪತ್ರ ಕೊಡುತ್ತದೆ. ಮುಂಬೈ, ಪುಣೆ, ರೋಹ್ತಕ್‌ಗಳಲ್ಲಿ ಕ್ರೀಡಾ ನಿರ್ವಹಣೆಯ ಕೋರ್ಸುಗಳಿವೆ. ಕ್ರಿಕೆಟ್ ಲೀಗುಗಳ ಹಣ ಹರಿದ ಮೇಲೆ ಅವುಗಳ ಸುತ್ತ ಉತ್ಸಾಹ ಹೆಚ್ಚಿದೆ. ಕುಷ್ಟಗಿಯ ಹುಡುಗಿಯೊಬ್ಬಳು ಇವುಗಳಲ್ಲಿ ಒಂದನ್ನು ಓದಿ ಬೆಂಗಳೂರಿನ ಮೈದಾನದಲ್ಲೋ ದುಬೈನಲ್ಲೋ ಕೆಲಸ ಹಿಡಿಯುವುದಾದರೆ ಸಂತೋಷವೇ. ಅವಳೊಬ್ಬಳ ದಾರಿಗೂ ಜಿಲ್ಲೆಯಲ್ಲಿ ಏನು ಕಲಿಸಬೇಕು ಎಂಬುದಕ್ಕೂ ವ್ಯತ್ಯಾಸವಿದೆ.

ಇನ್ನು ನೀರಿನ ಮಾತು. ಬಿಸಿಲ ನಾಡಿನಲ್ಲಿ 18 ಕುಳಿಗಳ ಮೈದಾನವನ್ನು ಹಸಿರಾಗಿಡಲು ದಿನಕ್ಕೆ 10 ಲಕ್ಷ ಲೀಟರು ನೀರು ದೊಡ್ಡ ಲೆಕ್ಕವಲ್ಲ, ಬೇಸಿಗೆಯಲ್ಲಿ ಅದಕ್ಕೂ ಮೀರುತ್ತದೆ. ಜಲಜೀವನ್ ಯೋಜನೆಯಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರು ಎಂದು ಗೊತ್ತುಮಾಡಿದ್ದಾರೆ. ಭಾಗಿಸಿ ನೋಡಿದರೆ ಒಂದು ಮೈದಾನದ ನೀರು 18 ಸಾವಿರ ಜನರ ಪಾಲು. ವರ್ಷಕ್ಕೆ 600 ಮಿಲಿಮೀಟರು ಆಚೀಚೆ ಮಳೆ ಕಾಣುವ ಜಿಲ್ಲೆ ನಮ್ಮದು. ಯಲಬುರ್ಗಾ, ಕುಷ್ಟಗಿಯ ಎರೆಹೊಲಗಳು ಹಿಂಗಾರಿ ಜೋಳ, ಕಡಲೆಗೆ ಮುಗಿಲು ನೋಡುತ್ತವೆ, ಇಲ್ಲವೇ ಆಳಕ್ಕಿಳಿದ ಬೋರ್‌ವೆಲ್ ನಂಬುತ್ತವೆ. ಗಂಗಾವತಿಗೆ ತುಂಗಭದ್ರಾ ಎಡದಂಡೆ ಕಾಲುವೆ ಇದೆ ಎನ್ನಬಹುದು. 1953ರಲ್ಲಿ ಕಟ್ಟಿ ಮುಗಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಆ ಜಲಾಶಯ ಹೂಳು ತುಂಬಿ ಈಗ 105 ಟಿಎಂಸಿ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಈ ಸೀಮೆಯ ರೈತರು ನಿದ್ದೆ ಇಲ್ಲದೆ ಕಳೆದ ದಿನಗಳು ಇನ್ನೂ ಹಸಿಯಾಗಿವೆ. ಈ ನೀರಿನಲ್ಲಿ ಆಟದ ಹುಲ್ಲಿಗೆ ಪಾಲಿಲ್ಲ. ಜಗತ್ತಿನ ಹಲವು ಕಡೆ ಸಂಸ್ಕರಿಸಿದ ಕೊಳಚೆ ನೀರಿನಲ್ಲಿ ಮೈದಾನ ಬೆಳೆಸುತ್ತಾರೆ ನಿಜ. ನಮ್ಮ ಪಟ್ಟಣಗಳಲ್ಲಿ ಸಂಸ್ಕರಿಸಿದ ನೀರು ಸಿಕ್ಕಿದರೆ ಅದಕ್ಕೆ ಮೊದಲ ಹಕ್ಕು ಹೊಲಗಳದು, ಕೆರೆಗಳದು.

ಹಾಗೆಂದು ಹುಲ್ಲಿನ ವಿದ್ಯೆಯನ್ನು ಬಿಟ್ಟುಕೊಡಬೇಕಿಲ್ಲ. ಗಾಲ್ಫ್ ಲೋಕದಲ್ಲಿ ಬರ್ಮುಡಾ ಹುಲ್ಲು ಎಂದು ಕರೆಯುವುದು ನಾವು ಗಣಪತಿಗೆ ಏರಿಸುವ ಗರಿಕೆಯನ್ನೇ. ಬಿಸಿಲಿನ ಪ್ರದೇಶದ ಮೈದಾನಗಳಲ್ಲಿ ಹೆಚ್ಚಿನವು ಗರಿಕೆಯ ಸುಧಾರಿತ ತಳಿಗಳ ಮೇಲೆ ನಿಂತಿವೆ. ಸವಳು ನೀರು ಕುಡಿಸಿ ಹುಲ್ಲು ಬದುಕಿಸುವುದು, ಜವಳು ನೆಲದ ನೀರನ್ನು ಬಸಿಗಾಲುವೆಯಲ್ಲಿ ಹೊರಗೆ ಹಾಕುವುದು ಆ ಮೈದಾನ ನಡೆಸುವವರ ನಿತ್ಯದ ಚಿಂತೆ. ಗಂಗಾವತಿಯಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಬಹುಕಾಲದಿಂದ ಸವಳು ಜವಳು ಭೂಮಿಯ ಮೇಲೆಯೇ ಕೆಲಸ ಮಾಡುತ್ತಿದೆ. ಅತಿಯಾಗಿ ನೀರು ನಿಲ್ಲಿಸಿ ಕಾರಟಗಿ, ಗಂಗಾವತಿ ಸೀಮೆಯ ಗದ್ದೆಗಳು ಉಪ್ಪು ಕಾರಿದ್ದನ್ನು ಅಲ್ಲಿಯ ವಿಜ್ಞಾನಿಗಳು ಅಳೆದು, ನೆಲದೊಳಗೆ ಕೊಳವೆ ಹೂಳಿ ಸರಿಪಡಿಸುವ ದಾರಿ ತೋರಿಸಿದ್ದಾರೆ. ನೆಲ ನೀರು ಬಲ್ಲ ಮ್ಯಾನೇಜರನ್ನು ತಯಾರಿಸುವ ಅರ್ಧ ಪಾಠಶಾಲೆ ನಮ್ಮಲ್ಲಿ ಈಗಾಗಲೇ ಇದೆ. ಅದನ್ನು ವ್ಯವಹಾರ ಓದುವ ಮಕ್ಕಳ ಹತ್ತಿರ ಯಾರೂ ತಂದಿಲ್ಲ.

ಒಂದೇ ಕಸುಬಿನ ನಿರ್ವಹಣಾ ಶಿಕ್ಷಣ ಭಾರತಕ್ಕೆ ಬರಲೇ ಇಲ್ಲ ಎಂದೇನೂ ಇಲ್ಲ. 1979ರಲ್ಲಿ ವರ್ಗೀಸ್ ಕುರಿಯನ್ ಗುಜರಾತಿನ ಆಣಂದದಲ್ಲಿ ಗ್ರಾಮೀಣ ನಿರ್ವಹಣಾ ಸಂಸ್ಥೆ ಇರ್ಮಾ ಕಟ್ಟಿದಾಗ ಅವರ ಮುಂದಿದ್ದದ್ದು ಹಾಲಿನ ಸಹಕಾರ ಸಂಘಗಳು. ಪೇಟೆಯ ಕಂಪನಿಗೆ ಓಡದೆ ರೈತರ ಸಂಘ ನಡೆಸುವ ಪದವೀಧರರು ಅವರಿಗೆ ಬೇಕಿದ್ದರು. ಅಲ್ಲಿಯ ವಿದ್ಯಾರ್ಥಿಗಳು ವಾರಗಟ್ಟಲೆ ಹಳ್ಳಿಯಲ್ಲಿದ್ದು ಕಲಿಯುತ್ತಿದ್ದರು. ಅದೇ ಸಂಸ್ಥೆ 2025ರಲ್ಲಿ ಸಂಸತ್ತಿನ ಕಾಯ್ದೆಯ ಮೂಲಕ ಸಹಕಾರಿ ವಿಶ್ವವಿದ್ಯಾಲಯವಾಯಿತು. ನಮ್ಮ ಬೆಂಗಳೂರಲ್ಲೇ 1993ರಲ್ಲಿ ಪ್ಲಾಂಟೇಶನ್ ಮ್ಯಾನೇಜ್‌ಮೆಂಟ್ ಸಂಸ್ಥೆ ಹುಟ್ಟಿತು. ಕಾಫಿ, ಚಹಾ, ರಬ್ಬರ್, ಸಾಂಬಾರ ಪದಾರ್ಥಗಳ ತೋಟ ನಡೆಸುವವರಿಗಾಗಿ, ಕೇಂದ್ರ ವಾಣಿಜ್ಯ ಸಚಿವಾಲಯದ ಆಶ್ರಯದಲ್ಲಿ. ಬರಬರುತ್ತ ಅದು ತೋಟಗಳ ಜೊತೆಗೆ ಕೃಷಿ ವ್ಯಾಪಾರ, ಆಹಾರ ಸಂಸ್ಕರಣೆಯ ಕೋರ್ಸುಗಳನ್ನೂ ಸೇರಿಸಿಕೊಂಡು ಅಗಲವಾಯಿತು. ತೀರ ಇಕ್ಕಟ್ಟಾಗಿ ಶುರುವಾದ ಪದವಿ ಬದುಕಲು ಮೈ ಚಾಚಿಕೊಳ್ಳಬೇಕಾಗುತ್ತದೆ, ಆದರೆ ಶುರುವಿನಲ್ಲಿ ಬೆನ್ನಿಗೆ ಒಂದು ಗಟ್ಟಿ ಕಸುಬು ಇರಬೇಕು. ಇರ್ಮಾಕ್ಕೆ ಹಾಲಿನ ಒಕ್ಕೂಟಗಳಿದ್ದವು, ಬೆಂಗಳೂರಿನ ಸಂಸ್ಥೆಗೆ ಕಾಫಿ ಚಹಾ ತೋಟಗಳಿದ್ದವು, ಫೆರಿಸ್‌ಗೆ ಸಾವಿರಾರು ಮೈದಾನಗಳಿದ್ದವು.

ಕೊಪ್ಪಳಕ್ಕೆ ಏನಿದೆ?

ಮೊದಲು ಆನೆಗೊಂದಿ ಸೀಮೆ. ಗಾಲ್ಫ್ ಓದಿಗೆ ತೀರ ಹತ್ತಿರವಾಗುವ ಕಸುಬು ನಮ್ಮಲ್ಲಿರುವುದು ಇಲ್ಲಿ: ಜಾಗವನ್ನೂ ಹೊತ್ತನ್ನೂ ಅತಿಥಿಗೆ ಮಾರುವ ಕಸುಬು. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತು, ಅದರ ಆಡಳಿತಕ್ಕಾಗಿ 2002ರಲ್ಲಿ ಪ್ರತ್ಯೇಕ ಕಾಯ್ದೆ ಬಂತು. ಆ ಕಾಯ್ದೆಯಿಂದ ಹುಟ್ಟಿದ ಹಂಪಿ ಪ್ರಾಧಿಕಾರದ 236 ಚದರ ಕಿಲೋಮೀಟರಿನಲ್ಲಿ ತುಂಗಭದ್ರಾ ಹೊಳೆಯ ಈಚೆಗಿರುವ ಗಂಗಾವತಿ ತಾಲ್ಲೂಕಿನ ಊರುಗಳೂ ಇವೆ. ಆದರೆ ಹೊಳೆಯ ಈ ದಡದಲ್ಲಿ ವ್ಯಾಪಾರ ಬೆಳೆದದ್ದು ಕಾಯ್ದೆ ಓದಿ ಅಲ್ಲ. ವಿರೂಪಾಪುರ ಗಡ್ಡಿಯಲ್ಲಿ ಗದ್ದೆಯ ಅಂಚಿಗೆ ಗುಡಿಸಲು ಹಾಕಿ, ಆಮೇಲೆ ರೆಸಾರ್ಟು ಮಾಡಿ, ವಿದೇಶಿಯರಿಗೆ ಊಟ ವಸತಿ ಕೊಟ್ಟು ಜನ ಕಾಸು ಕಂಡರು. 2019ರ ಆಗಸ್ಟಿನಲ್ಲಿ ಹೊಳೆ ತುಂಬಿ ಗಡ್ಡಿ ನಡುಗಡ್ಡೆಯಾದಾಗ ನೂರಾರು ಪ್ರವಾಸಿಗರನ್ನು ದೋಣಿ, ಹೆಲಿಕಾಪ್ಟರ್ ತಂದು ಹೊರಗೆ ಕರೆತರಬೇಕಾಯಿತು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಆ ಜಾಗ 1988ರ ಅಧಿಸೂಚನೆಯ ರಕ್ಷಿತ ಪ್ರದೇಶಕ್ಕೆ ಸೇರಿದ್ದು, ಕಟ್ಟಡಗಳು ಅಕ್ರಮ ಎಂದು ತೀರ್ಪು ಕೊಟ್ಟಿತು. ಮಾರ್ಚ್ ಮೊದಲ ವಾರ ಜೆಸಿಬಿಗಳು ಬಂದವು.

ಈ ಘಟನೆಯನ್ನು ಕಾನೂನಿನ ಕಥೆಯಾಗಿ ಎಲ್ಲರೂ ಓದಿದರು. ನಾನು ಇದನ್ನು ಶಿಕ್ಷಣದ ಕಥೆಯಾಗಿಯೂ ಓದುತ್ತೇನೆ. ಭೂಪರಿವರ್ತನೆ ಎಂದರೇನು, ಪರಂಪರೆಯ ವಲಯದಲ್ಲಿ ಏನು ಕಟ್ಟಬಹುದು, ನೆರೆ ಬರುವ ಜಾಗಕ್ಕೆ ವಿಮೆ ಸಿಗುತ್ತದೆಯೇ, ವರ್ಷದಲ್ಲಿ ನಾಲ್ಕೈದು ತಿಂಗಳ ಸೀಸನ್ನಿನ ದುಡಿಮೆಯಲ್ಲಿ ಹನ್ನೆರಡು ತಿಂಗಳ ಸಾಲ ತೀರಿಸುವುದು ಹೇಗೆ ಎಂದು ಆ ಮಾಲೀಕರಿಗೆ, ಅವರ ಬಳಿ ದುಡಿದ ಹುಡುಗರಿಗೆ ಯಾವ ಕಾಲೇಜೂ ಹೇಳಿಕೊಡಲಿಲ್ಲ. ವ್ಯಾಪಾರ ಅಲ್ಲಿಗೆ ನಿಲ್ಲಲೂ ಇಲ್ಲ. ಸಾಣಾಪುರ, ಆನೆಗೊಂದಿ, ಸುತ್ತಲ ಊರುಗಳಲ್ಲಿ ಹೋಮ್‌ಸ್ಟೇಗಳು ಎದ್ದವು. ಸಾಣಾಪುರ ಕೆರೆಯಲ್ಲಿ ಹರಿಗೋಲು ಹತ್ತುವವರು ಶನಿವಾರ ಭಾನುವಾರ ಸರದಿ ನಿಲ್ಲುತ್ತಾರೆ. ಹರಿಗೋಲಿನವರು ಹೊತ್ತು ಮಾರುವ ವ್ಯಾಪಾರವನ್ನು ಚೆನ್ನಾಗಿ ಬಲ್ಲರು: ಸಂಜೆ ಐದರ ಬಿಸಿಲಿಗೆ ಇರುವ ಬೇಡಿಕೆ ಮಧ್ಯಾಹ್ನ ಒಂದಕ್ಕಿಲ್ಲ. ಆದರೆ ದರಕ್ಕೆ ಪಟ್ಟಿ, ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್, ಹೊಳೆಗೆ ನೀರು ಬಿಟ್ಟ ದಿನ ಹರಿಗೋಲು ಇಳಿಸದಿರುವ ಶಿಸ್ತು, ಕಷ್ಟದ ದಿನಕ್ಕೆ ಸಂಘದ ನಿಧಿ, ಇವೆಲ್ಲ ನಿರ್ವಹಣೆಯ ಕೆಲಸಗಳು. 2025ರ ಮಾರ್ಚಿನಲ್ಲಿ ಸಾಣಾಪುರದ ಕಾಲುವೆ ದಂಡೆಯಲ್ಲಿ ಅತಿಥಿಗಳ ಮೇಲೂ ಅವರಿಗೆ ಆಸರೆ ಕೊಟ್ಟ ಹೆಣ್ಣುಮಗಳ ಮೇಲೂ ನಡೆದ ದುಷ್ಕೃತ್ಯದ ಮೇಲಂತೂ ರಾತ್ರಿಯ ಸುರಕ್ಷತೆ ಈ ಕಸುಬಿನ ಮೊದಲ ಪಾಠವಾಗಲೇಬೇಕು. ಅಂಜನಾದ್ರಿಯ 575 ಮೆಟ್ಟಿಲು ಏರುವ ಭಕ್ತರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಅವರ ನೀರು, ಶೌಚ, ವಾಹನ ನಿಲುಗಡೆ, ಕಸ ಯಾರ ಲೆಕ್ಕ?

ಸರಿಯಾಗಿ ನಡೆದ ಉದಾಹರಣೆಯೂ ಅಲ್ಲೇ ಇದೆ. 1997ರಲ್ಲಿ ಶಮಾ ಪವಾರ್ ಆನೆಗೊಂದಿಯಲ್ಲಿ ಕಟ್ಟಿದ ಕಿಷ್ಕಿಂದಾ ಟ್ರಸ್ಟ್ ಬಾಳೆನಾರಿನಿಂದ ಚೀಲ, ಚಾಪೆ ಹೆಣೆಯುವುದನ್ನು ಊರ ಹೆಂಗಸರಿಗೆ ಕಲಿಸಿತು, ಹಳೆಯ ಮನೆಗಳನ್ನು ಕೆಡವದೆ ಅತಿಥಿಗಳಿಗೆ ಒಪ್ಪ ಮಾಡಿತು. ಗೊನೆ ಕಡಿದ ಮೇಲೆ ತಿಪ್ಪೆಗೆ ಹೋಗುತ್ತಿದ್ದ ಬಾಳೆ ದಿಂಡು ಕೂಲಿಯಾಗಿ ಮನೆಗೆ ಬಂತು. ಎಂ.ಬಿ.ಎ. ತರಗತಿಯಲ್ಲಿ ಪರದೇಶದ ಕಂಪನಿಗಳ ಕೇಸ್ ಸ್ಟಡಿ ಓದುವ ನಮ್ಮ ಮಕ್ಕಳ ಮುಂದೆ ಗಡ್ಡಿಯ ಕಥೆ, ಆನೆಗೊಂದಿಯ ಕಥೆ ಎರಡನ್ನೂ ಇಟ್ಟರೆ ಒಂದು ಸೆಮಿಸ್ಟರಿಗೆ ಸಾಕಾಗುವಷ್ಟು ಕಲಿಯುವುದಿದೆ.

ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಗಳು ಇನ್ನೊಂದು ಗಟ್ಟಿ ಕಸುಬು. ಸರಕಾರದ ಲೆಕ್ಕದಲ್ಲಿ ಕ್ವಿಂಟಾಲು ಭತ್ತಕ್ಕೆ 67 ಕಿಲೋ ಅಕ್ಕಿ ಬರಬೇಕು. ಉಳಿದದ್ದು ಹೊಟ್ಟು, ತೌಡು, ನುಚ್ಚು. ಗಿರಣಿಯ ಲಾಭ ಹೆಚ್ಚಾಗಿ ಅಡಗಿರುವುದು ಈ ಉಳಿದದ್ದರಲ್ಲಿ: ತೌಡು ಎಣ್ಣೆ ಕಾರ್ಖಾನೆಗೆ, ಹೊಟ್ಟು ಬಾಯ್ಲರಿಗೆ, ನುಚ್ಚು ಬೇರೆ ಮಾರುಕಟ್ಟೆಗೆ. ಸೋನಾ ಮಸೂರಿಯ ಹೆಸರು ಬೆಂಗಳೂರಿಗೂ ಗಲ್ಫ್ ದೇಶಗಳಿಗೂ ಮುಟ್ಟಿದೆ, ಆದರೆ ಚೀಲದ ಮೇಲಿನ ಹೆಸರು ಬಹಳ ಸಲ ಬೇರೆ ಊರಿನವರದು. ಬ್ರ್ಯಾಂಡು, ರಫ್ತು, ದಾಸ್ತಾನಿನ ಸಾಲ ಬಲ್ಲ ಪದವೀಧರರಿಗೆ ಇಲ್ಲಿ ಕೆಲಸವಿದೆ. ಕುಷ್ಟಗಿಯ ದಾಳಿಂಬೆ ಬೆಳೆಗಾರರಿಗೆ ಅಂಗಮಾರಿ ರೋಗದ ಜೊತೆಗೆ ದಲ್ಲಾಳಿಯ ದರವೂ ಕಾಡುತ್ತದೆ. 2025ರಲ್ಲಿ ಊರಿಗೆ ರೈಲು ಬಂದ ಮೇಲೆ ಸಾಗಾಟದ ಲೆಕ್ಕ ಬದಲಾಗಬಹುದು, ಅದನ್ನು ಹಾಕುವವರು ಬೇಕು. ಕೊಪ್ಪಳದ ಭಾನಾಪುರದಲ್ಲಿ 2021ರಲ್ಲಿ ಶಂಕುಸ್ಥಾಪನೆಯಾದ ಆಟಿಕೆ ಕ್ಲಸ್ಟರು, ಅದರಿಂದ ಹೆಚ್ಚು ದೂರವಿಲ್ಲದ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದಲ್ಲಿ ಕಡೆದು ಬಣ್ಣ ಹಚ್ಚುವ ಗೊಂಬೆ. ಪ್ಲಾಸ್ಟಿಕ್ಕಿನ ದೊಡ್ಡ ಕಾರ್ಖಾನೆಯೂ ಕೈಗೊಂಬೆಯ ಮನೆಯೂ ಒಂದೇ ಜಿಲ್ಲೆಯಲ್ಲಿವೆ, ಎರಡಕ್ಕೂ ಮಾತಿಲ್ಲ.

ಯಲಬುರ್ಗಾ ಸೀಮೆಗೆ ಬಂದರೆ ಈಗ ಕುಕನೂರು ತಾಲ್ಲೂಕಿಗೆ ಸೇರಿರುವ ಇಟಗಿಯ ಮಹಾದೇವ ದೇವಾಲಯ ನೆನಪಾಗುತ್ತದೆ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ, ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎಂದು ಹೊಗಳಿದೆ. ಕುಕನೂರಿನ ಮಹಾಮಾಯಿ, ನವಲಿಂಗ ಗುಡಿಗಳು, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕನ ಶಾಸನಗಳು ಒಂದೇ ದಿನದ ದಾರಿ. ಹಂಪಿಗೆ ಬಂದವರಲ್ಲಿ ಎಷ್ಟು ಮಂದಿ ಇತ್ತ ತಿರುಗುತ್ತಾರೆ? ತಿರುಗಿದವರಿಗೆ ಇಟಗಿಯಲ್ಲಿ ಒಳ್ಳೆಯ ರೊಟ್ಟಿ ಊಟ, ಗುಡಿಯ ಕಥೆ ಹೇಳಬಲ್ಲ ಊರ ಹುಡುಗಿ ಸಿಕ್ಕುವಂತಾದರೆ ಆ ಹಳ್ಳಿಯ ಆದಾಯವೇ ಬೇರೆಯಾಗುತ್ತದೆ.

ದೊಡ್ಡ ಜನಸಂದಣಿಯನ್ನು ನಡೆಸುವ ವಿದ್ಯೆ ನಮಗೆ ಗೊತ್ತಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ಜನವರಿಯಲ್ಲಿ ನಡೆಯುವ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಊರೂರುಗಳಿಂದ ರೊಟ್ಟಿ, ಮಾದಲಿ, ದವಸ ಚಕ್ಕಡಿಯಲ್ಲೂ ಟ್ರ್ಯಾಕ್ಟರಿನಲ್ಲೂ ಬರುತ್ತವೆ. ಯಾವ ಊರಿನವರು ಯಾವ ದಿನ ಬಡಿಸಬೇಕು, ಎಷ್ಟು ರೊಟ್ಟಿ ಕೂಡಬೇಕು, ಕೊಪ್ಪರಿಗೆ ಎಲ್ಲಿಡಬೇಕು ಎಂಬ ಲೆಕ್ಕ ತಪ್ಪದೆ ಲಕ್ಷಾಂತರ ಜನ ಉಣ್ಣುತ್ತಾರೆ. ಈ ವಿದ್ಯೆಯನ್ನು ಬರೆದಿಟ್ಟು ಕಲಿಸುವ ಪಾಠ ಮಾತ್ರ ಇಲ್ಲ.

ಕಲಿಸುವ ಮನೆ ಯಾವುದು ಎಂಬ ಪ್ರಶ್ನೆಗೆ ಉತ್ತರ ಸದ್ಯಕ್ಕೆ ಅಲುಗಾಡುತ್ತಿದೆ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಿಂದ ಬೇರೆಯಾಗಿ 2023ರಲ್ಲಿ ಕೊಪ್ಪಳ ವಿಶ್ವವಿದ್ಯಾಲಯ ತಳಕಲ್ಲಿನಲ್ಲಿ ಕೆಲಸ ಶುರುಮಾಡಿತು. 2025ರಲ್ಲಿ ಹಣವಿಲ್ಲ, ಜಮೀನಿಲ್ಲ, ಸಿಬ್ಬಂದಿಯಿಲ್ಲ ಎಂದು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಚರ್ಚೆ ಸರಕಾರದಲ್ಲಿ ಎದ್ದಾಗ ಆ ಪಟ್ಟಿಯಲ್ಲಿ ಕೊಪ್ಪಳವೂ ಇತ್ತು. ಮುಚ್ಚುವುದನ್ನು ನಾನು ವಿರೋಧಿಸುತ್ತೇನೆ. ಆದರೆ ಬೇರೆ ಕಡೆ ಸಿಗುವ ಪಾಠವನ್ನೇ ಇಲ್ಲಿಯೂ ಕೊಡುವ ವಿಶ್ವವಿದ್ಯಾಲಯವನ್ನು ಉಳಿಸಿ ಎಂದು ಕೇಳುವ ದನಿ ಮೆತ್ತಗಾಗುತ್ತದೆ. ಈ ಜಿಲ್ಲೆಯಲ್ಲಿ ಮಾತ್ರ ಕಲಿಯಬಹುದಾದದ್ದನ್ನು ಕೊಟ್ಟಾಗ ಆ ದನಿಗೆ ಬಲ ಬರುತ್ತದೆ.

ಆಕ್ಷೇಪಗಳು ನನಗೆ ಗೊತ್ತು. ಪರಂಪರೆಯ ಆತಿಥ್ಯದ ಎಂ.ಬಿ.ಎ. ಮಾಡಿದವನಿಗೆ ನಾಳೆ ಬ್ಯಾಂಕಿನವರು ಕೆಲಸ ಕೊಡುತ್ತಾರೆಯೇ ಎಂದು ಅಪ್ಪ ಅವ್ವ ಕೇಳುತ್ತಾರೆ. ಸಾಲ ಮಾಡಿ ಓದಿಸುವವರ ಪ್ರಶ್ನೆ ಅದು, ತಳ್ಳಿಹಾಕುವಂತಿಲ್ಲ. ಅದಕ್ಕೇ ಪದವಿಯ ಹೆಸರು, ಮೊದಲ ವರ್ಷದ ಲೆಕ್ಕಪತ್ರ, ಹಣಕಾಸು, ಕಾನೂನು ಎಲ್ಲ ಕಡೆಯಂತೆಯೇ ಇರಲಿ. ಎರಡನೆಯ ವರ್ಷದ ವಿಶೇಷ ವಿಷಯ ಮಾತ್ರ ಜಿಲ್ಲೆಯ ಕಸುಬಿನದಾಗಲಿ, ಅದರಲ್ಲಿ ಕನಿಷ್ಠ ಎಂಟು ತಿಂಗಳು ಸಂಬಳದ ದುಡಿಮೆಯಾಗಲಿ. ಪ್ರವಾಸೋದ್ಯಮದ ಸ್ನಾತಕೋತ್ತರ ಕೋರ್ಸುಗಳು ಮೈಸೂರು, ಬೆಂಗಳೂರಲ್ಲಿ ಹಿಂದಿನಿಂದ ಇವೆಯಲ್ಲ ಎನ್ನುವವರಿಗೆ ನನ್ನ ಉತ್ತರ: ಅಲ್ಲಿಂದ ಹಂಪಿಗೆ ಸ್ಟಡಿ ಟೂರ್ ಬರುತ್ತಾರೆ, ಇಲ್ಲಿಯ ಮಕ್ಕಳು ಅದರೊಳಗೇ ಬದುಕುತ್ತಿದ್ದಾರೆ.

ಶುರುಮಾಡುವ ಕೆಲಸ ದೊಡ್ಡದಲ್ಲ. ಪಾಠಪಟ್ಟಿ ಬರೆಯುವ ಸಮಿತಿ ಕೂರುವ ಮುಂಚೆ ವಿಶ್ವವಿದ್ಯಾಲಯದವರು ಹಂಪಿ ಪ್ರಾಧಿಕಾರ, ಆನೆಗೊಂದಿಯ ಹೋಮ್‌ಸ್ಟೇ ನಡೆಸುವವರು, ಗಂಗಾವತಿಯ ಗಿರಣಿ ಮಾಲೀಕರ ಸಂಘ, ಕೃಷಿ ಸಂಶೋಧನಾ ಕೇಂದ್ರ ಇವರನ್ನು ಒಂದು ಕೋಣೆಯಲ್ಲಿ ಕೂರಿಸಿ ಒಂದೇ ಮಾತು ಕೇಳಬೇಕು: ನೀವು ಎಷ್ಟು ಮಂದಿಗೆ ಎಂಟು ತಿಂಗಳು ಸಂಬಳ ಕೊಟ್ಟು ಕೆಲಸ ಕಲಿಸುತ್ತೀರಿ? ಹದಿನೈದು ಎಂದರೆ ಹದಿನೈದೇ ಸೀಟು. ಐದು ಎಂದರೆ ಐದೇ. ಬರಹದಲ್ಲಿ ಆ ಒಪ್ಪಿಗೆ ಕೈಗೆ ಬಂದ ಮೇಲೆ ಪ್ರವೇಶದ ಪ್ರಕಟಣೆ ಹೊರಡಿಸಲಿ, ಅದರ ಹಿಂದಿನ ದಿನವೂ ಬೇಡ.